ಲ್ಯಾಂಬ್ಸ್ ಇಯರ್ ನಡುವಿನಲ್ಲೇ ಕೊಳೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಬೆಳ್ಳಿ ಬಣ್ಣದ ಮೆತ್ತನೆ ಎಲೆ ನೋಡಿ ಆಸೆಯಿಂದ ಲ್ಯಾಂಬ್ಸ್ ಇಯರ್ ನೆಟ್ಟಿದ್ದೆ. ಚೆನ್ನಾಗಿಯೇ ಹಬ್ಬಿತು. ಮಳೆ ಶುರುವಾದ ಮೇಲೆ ನಡುವಿನ ಎಲೆಗಳು ಕಪ್ಪಾಗಿ ಲೋಳೆಯಾಗುತ್ತಿವೆ. ಬಿಸಿಲಿದ್ದಾಗ ದಿನಾ ನೀರು ಹಾಕಿದ್ದೇನೆ, ಗೊಬ್ಬರವನ್ನೂ ತಪ್ಪಿಸಿಲ್ಲ. ಇದು ಗಟ್ಟಿ ಗಿಡ ಅಂತಾರಲ್ವಾ?

ಉತ್ತರ: ನಮಸ್ಕಾರ ಮೇಡಂ. ಗಟ್ಟಿ ಗಿಡವೇ. ಟರ್ಕಿ, ಇರಾನ್ ಕಡೆಯದು. ಚಳಿ ತಡೆಯುತ್ತದೆ, ನೀರಿಲ್ಲದಿದ್ದರೂ ತಡೆಯುತ್ತದೆ. ಬುಡದಲ್ಲಿ ತೇವ ನಿಂತರೆ ಮಾತ್ರ ಆಗುವುದಿಲ್ಲ.

ಒಂದು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಅಡಿಯಲ್ಲಿ ಎಲೆ ಹಸಿರೇ. ಮೇಲೆ ಒತ್ತಾಗಿ ಬೆಳೆದ ಬಿಳಿ ರೋಮಗಳಿಂದ ಬೆಳ್ಳಿಯಂತೆ ಕಾಣುತ್ತದೆ. ಸುಡುಬಿಸಿಲಿನಲ್ಲಿ ಎಲೆ ಒಣಗದಂತೆ ಕಾಯುವುದು ಈ ರೋಮಗಳೇ. ಮಳೆಯಲ್ಲಿ ಅವೇ ನೀರು ಹಿಡಿದಿಟ್ಟುಕೊಳ್ಳುತ್ತವೆ. ಎಲೆಗೆ ಎಲೆ ಅಂಟಿ, ಗಾಳಿ ಆಡದೆ, ಕೊಳೆ ಶುರುವಾಗುತ್ತದೆ.

ಮೊದಲು ಕೊಳೆತದ್ದನ್ನೆಲ್ಲ ಕೈಯಿಂದಲೇ ಬಿಡಿಸಿ ತೆಗೆಯಿರಿ. ನೆಲಕ್ಕೆ ತಾಗಿರುವ ಹಳೇ ಎಲೆಗಳನ್ನೂ ಬಿಡಬೇಡಿ. ಗೊಬ್ಬರ ಪೂರ್ತಿ ನಿಲ್ಲಿಸಿ. ಗೊಬ್ಬರ ಜಾಸ್ತಿಯಾದರೆ ಎಲೆ ಎಳಸಾಗಿ, ದಟ್ಟವಾಗಿ ಬಂದು ಬೇಗ ಕೊಳೆಯುತ್ತದೆ. ಇನ್ನು ಮುಂದೆ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು, ಅದೂ ಬೆಳಿಗ್ಗೆ, ಬುಡಕ್ಕೆ ಮಾತ್ರ.

ಮಳೆ ಬಿಟ್ಟ ಮೇಲೆ ಗಿಡವನ್ನು ಅಗೆದು, ನಡುವಿನ ಸತ್ತ ಭಾಗ ಎಸೆದು, ಅಂಚಿನ ಬೇರಿರುವ ತುಂಡುಗಳನ್ನು ಒಂದಡಿಗೆ ಒಂದರಂತೆ ನೆಡಿ. ಎರಡು ಮೂರು ವರ್ಷಕ್ಕೊಮ್ಮೆ ಹೇಗಿದ್ದರೂ ಮಾಡಬೇಕಾದ ಕೆಲಸ ಇದು. ಮಣ್ಣು ಜಿಗುಟಾಗಿದ್ದರೆ ಪಾತಿ ಎತ್ತರಿಸಿ, ದಪ್ಪ ಮರಳು ಸೇರಿಸಿ. ಬುಡಕ್ಕೆ ಒಣ ಎಲೆ ಮುಚ್ಚಬೇಡಿ, ಸಣ್ಣ ಕಲ್ಲು ಹರಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹೂವಿನ ಕಾಂಡ ಕತ್ತರಿಸಬೇಕಾ? ಇನ್ನೊಂದು, ಜೇನಿನಂಥ ಹುಳ ಎಲೆಯ ರೋಮ ಕೆರೆಯುತ್ತಿತ್ತು. ಔಷಧಿ ಹೊಡೆಯಲೇ?

ಉತ್ತರ: ದಯವಿಟ್ಟು ಹೊಡೆಯಬೇಡಿ! ಅದು ವುಲ್ ಕಾರ್ಡರ್ ಜಾತಿಯ ಒಂಟಿ ಜೇನು ಇರಬೇಕು. ಹೆಣ್ಣು ಜೇನು ರೋಮ ಕೆರೆದು ಉಂಡೆ ಮಾಡಿ, ಮೊಟ್ಟೆ ಇಡುವ ಗೂಡಿಗೆ ಹಾಸುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ. ನಿಮ್ಮ ತೋಟಕ್ಕೆ ಅದು ಬಂದದ್ದು ಒಳ್ಳೆಯದೇ.

ಕಾಂಡ ನಿಮ್ಮಿಷ್ಟ. ಎಲೆಯ ಹಾಸು ಚೆನ್ನಾಗಿರಬೇಕೆಂದರೆ ಬುಡಕ್ಕೇ ಕತ್ತರಿಸಿ. ನಾನಾದರೆ ನೇರಳೆ ಹೂವು ಮುಗಿಯುವವರೆಗೆ ಬಿಡುತ್ತೇನೆ, ಜೇನುಗಳು ಮುತ್ತಿಕೊಳ್ಳುತ್ತವೆ. ಹೂವೇ ಬೇಡವೆಂದರೆ ಮುಂದಿನ ಸಲ ‘ಸಿಲ್ವರ್ ಕಾರ್ಪೆಟ್’ ತಳಿ ಕೇಳಿ ತನ್ನಿ, ಅದು ಹೂ ಬಿಡುವುದೇ ಅಪರೂಪ.