ಎಡಿನ್‌ಬರೋದ ದೆವ್ವದ ಪಬ್ ಟೂರ್‌ಗೆ ಹೋಗಬಹುದಾ?

ಕದ್ರಿಯಿಂದ: ತಂಗಿಯನ್ನು ನೋಡಲು ಸ್ಕಾಟ್ಲೆಂಡ್‌ನ ಎಡಿನ್‌ಬರೋಗೆ ಹೊರಟಿದ್ದೇನೆ. ಅಲ್ಲಿ ರಾತ್ರಿ ಗೈಡ್ ಜೊತೆ ಹಳೇ ಪಬ್‌ಗಳನ್ನು ಸುತ್ತುತ್ತಾ ದೆವ್ವದ ಕಥೆ ಕೇಳುವ ಟೂರ್ ಇದೆಯಂತೆ. ನಾನು ಕುಡಿಯುವುದಿಲ್ಲ. ಸುಮ್ನೆ ದುಡ್ಡು ದಂಡವಾ?

ಉಡುಪಿಯಿಂದ: ಖಂಡಿತ ಹೋಗಿ! ಅಲ್ಲಿನ ಗ್ರಾಸ್‌ಮಾರ್ಕೆಟ್ ಎಂಬ ಹಳೇ ಸಂತೆ ಬಯಲಿನಲ್ಲಿ ಹಿಂದೆ ಜನರೆದುರೇ ಗಲ್ಲಿಗೇರಿಸುತ್ತಿದ್ದರು. 1724ರಲ್ಲಿ ಮ್ಯಾಗಿ ಡಿಕ್ಸನ್ ಎಂಬಾಕೆಯನ್ನು ನೇಣಿಗೆ ಹಾಕಿ, ಸತ್ತಳೆಂದು ಪೆಟ್ಟಿಗೆಯಲ್ಲಿಟ್ಟು ಊರಿಗೆ ಒಯ್ಯುವಾಗ ದಾರಿಯಲ್ಲೇ ಅವಳಿಗೆ ಜೀವ ಬಂತು, ಆಮೇಲೆ ಎಷ್ಟೋ ವರ್ಷ ಬದುಕಿದಳು. ಅವಳ ಹೆಸರಿನ ಪಬ್ ಅಲ್ಲೇ ಇದೆ. ನನಗಂತೂ ದೆವ್ವಕ್ಕಿಂತ ಇದೇ ಜಾಸ್ತಿ ಮೈ ಜುಮ್ಮೆನಿಸುತ್ತದೆ.

ಸುರತ್ಕಲ್‌ನಿಂದ: ಜ್ಯೂಸ್ ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಕಲ್ಲುಹಾಸಿನ ಇಳಿಜಾರು ಮಳೆಗೆ ಜಾರುತ್ತದೆ, ಒಳ್ಳೆ ಶೂ ಹಾಕಿ. ಟಿಕೆಟ್‌ನಲ್ಲಿ ಡ್ರಿಂಕ್ಸ್ ಸೇರಿದೆಯಾ ಅಂತ ಮೊದಲೇ ನೋಡಿ.

ಕಾಪುವಿನಿಂದ: ನಮ್ಮ ಭೂತಕೋಲವೂ ಇಂಥದ್ದೇ ಅಲ್ವಾ ಎಂದು ಯಾರಾದರೂ ಕೇಳಿದರೆ, ಅಲ್ಲ, ಅದು ದೈವದ ಸೇವೆ ಎಂದು ದಯವಿಟ್ಟು ಹೇಳಿ.