‘ಡೆಂಗಿ ತಡೆಯಿರಿ’ ಅಂದ್ರ ಏನ್ ತಿಳೀತದ? ಶಾಲಿ ಗ್ವಾಡಿ ಮ್ಯಾಲೆ ಯಾವ ಶಬ್ದ ಬರೀಲಿ?

ಮುಧೋಳ ಮಾಸ್ತರ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಮುಧೋಳ ಕಡೆ ಒಂದ್ ಹಳ್ಳ್ಯಾಗ ಮಾಸ್ತರ ಅದೀನಿ. ಮಳಿಗಾಲ ಬಂತಂದ್ರ ಡೆಂಗಿ ಅಂಜಿಕಿ, ಅದಕ್ಕ ಹುಡುಗರ ಕೈಲೆ ಗ್ವಾಡಿ ಮ್ಯಾಲೆ "ಡೆಂಗಿ ತಡೆಯಿರಿ" ಅಂತ ಬರಸಿದ್ದೆ. ಮೊಮ್ಮಗಳನ್ನ ಬಿಡಾಕ ಬಂದ ಆಯಿ ಒಬ್ರು ಅದನ್ನ ಓದಿಸಿ ಕೇಳಿ "ಜ್ವರ ಬಂದ್ರ ತಡಕೊಂಡ ಕುಂದರ್ರಿ ಅಂತೇನ್ರಿ ಸರ, ದವಾಖಾನಿಗೆ ಹೋಗಬಾರದೇನ್ರಿ?" ಅಂದ್ರು. ಅವತ್ತಿಂದ ನನಗ ಸಮಾಧಾನಿಲ್ಲ. ತಡೆಗಟ್ಟುವಿಕೆ, ನಿವಾರಣೆ, ನಿರೋಧ, ಪ್ರತಿಬಂಧ ಇವೆಲ್ಲಾ ಒಂದ ಅರ್ಥನೋ ಬ್ಯಾರೆ ಬ್ಯಾರೆನೋ, ತಿಳದವರು ಹೇಳ್ರಿ.

ಬಿಜಾಪುರದ ಅಕ್ಕ:
ಆಯಿ ತಪ್ಪ ತಿಳಕೊಂಡಿಲ್ರಿ ಸರ. ನಮ್ಮ ಕಡೆ "ತಡಿ, ಬಂದೆ" ಅಂದ್ರ ನಿಲ್ಲು, "ತಡಾ ಮಾಡಬ್ಯಾಡ" ಅಂದ್ರ ಹೊತ್ತ ಮಾಡಬ್ಯಾಡ, "ಹಲ್ಲಬ್ಯಾನಿ ತಡೀವಲ್ದು" ಅಂದ್ರ ತಾಳಾಕ ಆಗವಲ್ದು. ಬಸ್ ಮ್ಯಾಲಿನ "ತಡೆರಹಿತ" ಬೋರ್ಡ್ ನೋಡ್ರಿ, ಅಲ್ಲಿ ತಡೆ ಅಂದ್ರ ನಡುವ ನಿಲ್ಲೂದು, ಕೋರ್ಟಿನ ತಡೆಯಾಜ್ಞೆನೂ ಹಂಗ, ನಡದದ್ದನ್ನ ನಿಲ್ಲಸೂದು. ಇನ್ನೂ ಬಾರದ್ದನ್ನ ಮುಂದ ಬರದಂಗ ಮಾಡೂದು ಅನ್ನೂ ಅರ್ಥ ಪುಸ್ತಕ ಓದಿದವರಿಗೆ ಲಗೂನ ಹೊಳೀತದ, ಮನ್ಯಾಗಿನ ಮಾತಿನಾಗ ಅಷ್ಟ ಇಲ್ಲ.

ಗೋಕಾಕ ಗೆಳೆಯ:
ನಿವಾರಣೆ ಅಂತೂ ಬರೀಬ್ಯಾಡ್ರಿ. ನೋವು ನಿವಾರಕ ಗುಳಿಗಿ ನೋವು ಬಂದ ಮ್ಯಾಲೆ ತಗೊಳ್ಳೂದು, ಕುಂದುಕೊರತೆ ನಿವಾರಣೆನೂ ಕೊರತಿ ಆದ ಮ್ಯಾಲೆನ, ಅಂದ್ರ ಬಂದದ್ದನ್ನ ಕಳಿಯೂದು. ನಿರೋಧಕ ಅಂದ್ರ ಒಳಗ ಬಿಡದ ಎದುರ ನಿಲ್ಲೂದು, ರೋಗನಿರೋಧಕ ಶಕ್ತಿ ಅಂತೀವಲ್ಲ ಅದು, ಅರ್ಥ ಚಲೋ ಐತಿ ಆದ್ರ ಬರೇ "ನಿರೋಧ" ಅಂತ ಬರದ್ರ 1968ರಿಂದ ಸರ್ಕಾರ ಕೊಡೂ ಕಾಂಡೋಮಿನ ಹೆಸರ ಅದು, ಹಿರ್ಯಾರಿಗೆ ಅದ ನೆನಪಾಗ್ತದ. ಪ್ರತಿಬಂಧಕ ಅನ್ನೂದು ಬೆಳಗಾವಿ ಕಡೆ ಮರಾಠಿ ಮಂದಿಗೆ ಸರಳ, ಲಸಿಕೆಗೆ ಅವರು ಪ್ರತಿಬಂಧಕ ಲಸ ಅಂತಾರ. ನಮಗ ಅದು ಅಡ್ಡಿ ಅಂದಂಗ ಕೇಳಸ್ತದ.

ಇನ್ನೊಂದು, ನಿಷೇಧ ಬ್ಯಾರೆ. 2006ರ ಬಾಲ್ಯವಿವಾಹ ಕಾಯ್ದೆ ಹೆಸರಿನಾಗ ನಿಷೇಧ ಐತಿ, ಅಂದ್ರ ಮಾಡಿದ್ರ ಅಪರಾಧ. ಆದ್ರ ಹಂದರ ಹಾಕೂಕಿಂತ ಮೊದಲ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಿ ಲಗ್ನ ನಿಲ್ಲಸ್ತಾರಲ್ಲ, ಅದು ತಡಿಯೂದು. ಎರಡೂ ಬೇಕು, ಕಲಸಬಾರದು.

ಬಿಜಾಪುರದ ಅಕ್ಕ:
ನನಗ ಅನಸೂದು, ಕನ್ನಡಕ್ಕ ಇದಕ್ಕ ಒಂದ್ ನಾಮಪದನ ಬೇಕಾಗಿಲ್ಲ. ನಮ್ಮವ್ವ ಹಾಲ ಉಕ್ಕದಂಗ ನೋಡ್ಕೊ, ಕಾಳಿಗೆ ನುಸಿ ಹಿಡೀದಂಗ ಬೇವಿನ ಸೊಪ್ಪ ಹಾಕು, ಕೂಸ ಬೀಳದಂಗ ಹಿಡಿ ಅಂತಿದ್ಲು. ಆ "-ದಂಗ" ಐತಲ್ಲ, ಅದರಾಗ ಎಲ್ಲಾ ಬಂತು. ಮತ್ತ ಹಂಗ ಹೇಳಿದ್ರ ಏನ್ ಮಾಡಬೇಕು ಅನ್ನೂದನ್ನೂ ಕೂಡೇ ಹೇಳಬೇಕಾಗ್ತದ. "ಡೆಂಗಿ ಬರದಂಗ" ಅಂತ ಬರದು ಮುಂದ ಕೆಲಸ ಬರೀರಿ. ನಮ್ಮ ಓಣ್ಯಾಗ ನಳಾ ದಿನಾ ಬರೂದಿಲ್ಲ, ಎಲ್ಲಾರೂ ಬ್ಯಾರಲ್ ತುಂಬಿ ಇಡ್ತಾರ, ಆ ಸ್ವಚ್ಛ ನೀರಾಗನ ಡೆಂಗಿ ಹರಡೂ ಸೊಳ್ಳಿ ತತ್ತಿ ಇಡ್ತದ. ತತ್ತಿಯಿಂದ ಸೊಳ್ಳಿ ಆಗಾಕ ಒಂದ್ ವಾರ ಹತ್ತ ದಿನ ಸಾಕು, ತತ್ತಿ ಬ್ಯಾರಲ್ ಗ್ವಾಡಿಗೆ ಅಂಟಿರತಾವು, ಬರೇ ನೀರ ಚಲ್ಲಿದ್ರ ಹೋಗೂದಿಲ್ಲ, ತಿಕ್ಕಬೇಕು.

ಮುಧೋಳ ಮಾಸ್ತರ:
ಭಾಳ ಉಪಕಾರ ಆತು ಇಬ್ಬರಿಗೂ. ನಾಳೆ ಹಳೇದಕ್ಕ ಸುಣ್ಣಾ ಬಳದು ಹಿಂಗ ಬರಸ್ತೀನಿ: "ಡೆಂಗಿ ಬರದಂಗ ವಾರಕ್ಕೊಮ್ಮೆ ಬ್ಯಾರಲ್ ತಿಕ್ಕಿ ತೊಳೀರಿ, ಮುಚ್ಚಿ ಇಡ್ರಿ. ಜ್ವರ ಬಂದ್ರ ತಡೀಬ್ಯಾಡ್ರಿ, ದವಾಖಾನಿಗೆ ನಡೀರಿ." ಮೊದಲ ಆ ಆಯಿಗೆ ಓದಿ ತೋರಸ್ತೀನಿ.