ಅಕ್ವೇರಿಯಂಗೆ ಮಳೆನೀರು ಬಳಸಬಹುದೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಬೋರ್‌ವೆಲ್ ನೀರು ಬಹಳ ಗಡಸಾಗಿದ್ದು, ಅಕ್ವೇರಿಯಂ ಗಾಜಿನ ಅಂಚಿನಲ್ಲಿ ಬಿಳಿ ಕಲೆ ಕಟ್ಟುತ್ತದೆ. ತಾರಸಿಯಿಂದ ಡ್ರಮ್ಮಿಗೆ ಹಿಡಿದ ಮಳೆನೀರನ್ನು ನಿಯಾನ್ ಟೆಟ್ರಾ ಮೀನುಗಳಿಗೆ ನೇರವಾಗಿ ಬಳಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ನೇರವಾಗಿ ಬೇಡ. ಮಳೆನೀರಿನಲ್ಲಿ ಲವಣಾಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಗಡಸುತನವೂ (ಕೆಎಚ್) ಇರುವುದಿಲ್ಲ. ಮೀನಿನ ತ್ಯಾಜ್ಯ ಕೊಳೆತು ಆಮ್ಲ ಉತ್ಪತ್ತಿಯಾದಂತೆಲ್ಲ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ) ಹಠಾತ್ತನೆ ಕುಸಿಯಬಹುದು. ಬೋರ್‌ವೆಲ್ ನೀರಿನೊಂದಿಗೆ ಬೆರೆಸಿ, ಕೆಎಚ್ ಪರೀಕ್ಷಿಸಿ, ವಾರಕ್ಕೆ ಶೇ. 10ರಿಂದ 15ರಷ್ಟು ನೀರನ್ನು ಮಾತ್ರ ಬದಲಿಸಿ. ನಿಯಾನ್ ಟೆಟ್ರಾಗಳು ಮೂಲತಃ ಅಮೆಜಾನ್ ಪ್ರದೇಶದ ಮೃದು ನೀರಿನವು, ಹೊಂದಿಕೊಳ್ಳುತ್ತವೆ. ಗಪ್ಪಿ, ಮೋಲಿಗಳಾಗಿದ್ದರೆ ಈ ಶ್ರಮವೇ ಬೇಕಿರಲಿಲ್ಲ. ಅವುಗಳಿಗೆ ಗಡಸು ನೀರೇ ಹಿತ.

ಉತ್ತರ 2: ಮೇಲಿನ ಉತ್ತರ ಸರಿಯಾಗಿದೆ. ಆದರೆ ನನ್ನ ಮಟ್ಟಿಗೆ ನೀರಿಗಿಂತ ಮಾಡಿನದೇ ಹೆಚ್ಚಿನ ಚಿಂತೆ. ಮೊದಲ ಮಳೆಯು ಧೂಳು, ಪಾರಿವಾಳದ ಹಿಕ್ಕೆಗಳನ್ನೆಲ್ಲ ತೊಳೆದು ತರುವುದರಿಂದ ಅದನ್ನು ಹರಿಯಬಿಡಿ. ಸತುವಿನ ಲೇಪನವಿರುವ ತಗಡಿನಿಂದ ಇಳಿದ ನೀರನ್ನು, ವಿಶೇಷವಾಗಿ ಸೀಗಡಿ ಸಾಕುವವರು, ಬಳಸಲೇಬಾರದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ತಾರಸಿಗೆ ಈಚೆಗಷ್ಟೇ ವಾಟರ್‌ಪ್ರೂಫಿಂಗ್ ಬಣ್ಣ ಬಳಿಸಿದ್ದೇವೆ.

ಉತ್ತರ 2: ಹಾಗಿದ್ದರೆ ಈ ಮಳೆಗಾಲದ ನೀರನ್ನು ಗಿಡಗಳಿಗೇ ಬಿಡಿ.